ಹಳೆಯ ಕಾರ್ಡು, ಹೊಸ ಅಚ್ಚು

2025ರ ಜುಲೈ ತಿಂಗಳಲ್ಲಿ ಅಮೆರಿಕದ ಕುಸ್ತಿಪಟು ಹಲ್ಕ್ ಹೋಗನ್ ತೀರಿಕೊಂಡ ಸುದ್ದಿ ಬಂದಾಗ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೆಳೆದ ನಾವಿಬ್ಬರು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಫೋನು ಮಾಡಿಕೊಂಡೆವು. ಕುಸ್ತಿಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಇಬ್ಬರಿಗೂ ನೆನಪಾದದ್ದು ಕುರುಗೋಡಿನಲ್ಲಿರುವ ಖಾಲಾನ ಮಗ. ಇಪ್ಪತ್ತೆಂಟು ವರ್ಷಗಳ ಹಿಂದೆ ಅವನಿಗೆ ನಾವು ಹೇಳಿದ ಒಂದು ಸುಳ್ಳು ಇನ್ನೂ ನಮ್ಮಲ್ಲೇ ಉಳಿದಿತ್ತು. ಆ ಸುಳ್ಳಿನ ಕತೆಯನ್ನು ಇಲ್ಲಿ ಹೇಳುತ್ತೇವೆ. ಅದರ ಜೊತೆಗೆ, ಹಳೆಯದನ್ನು ಮತ್ತೆ ಅಚ್ಚು ಹಾಕುವುದು ಸರಿಯೇ ತಪ್ಪೇ ಎಂಬ ಪ್ರಶ್ನೆಯೂ ಬರುತ್ತದೆ.

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಟ್ರಂಪ್ ಕಾರ್ಡು ಗೊತ್ತು. ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಂಗೈಯಗಲದ ರಟ್ಟಿನ ಕಾರ್ಡು. ಮೇಲೆ ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿಪಟುವಿನ ಚಿತ್ರ. ಕೆಳಗೆ ಅವನ ಎತ್ತರ, ತೂಕ, ಎದೆಯಳತೆ, ತೋಳಿನ ಅಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ, ರ‍್ಯಾಂಕ್. ಕಾರ್ಡುಗಳನ್ನು ಸಮನಾಗಿ ಹಂಚಬೇಕು. ಸರದಿ ಬಂದವನು ತನ್ನ ಮೇಲಿನ ಕಾರ್ಡು ನೋಡಿ 'ತೂಕ' ಎಂದೋ 'ಎತ್ತರ' ಎಂದೋ ಕೂಗಬೇಕು. ಯಾರ ಅಂಕಿ ದೊಡ್ಡದೋ ಅವನಿಗೆ ಎಲ್ಲರ ಕಾರ್ಡು. ರ‍್ಯಾಂಕ್ ಮಾತ್ರ ತಿರುವುಮುರುವು, ಸಣ್ಣ ಅಂಕಿಗೆ ಗೆಲುವು. ಇಂಗ್ಲಿಷ್ ಓದಲು ಬಾರದ ಹುಡುಗನೂ ಅಂಕಿ ಓದಿ ಆಡುತ್ತಿದ್ದ.

ಆಟದಲ್ಲಿ ಎರಡು ಬಗೆ. ಸುಮ್ಮನೆ ಆಡಿ ಕೊನೆಗೆ ಅವರವರ ಕಾರ್ಡು ಅವರವರಿಗೆ ಕೊಡುವುದು ಒಂದು. ಗೆದ್ದವನೇ ಇಟ್ಟುಕೊಳ್ಳುವುದು ಇನ್ನೊಂದು. ಎರಡನೆಯದನ್ನು ಅಬ್ಬಾ ಒಪ್ಪುತ್ತಿರಲಿಲ್ಲ. "ಇದಕ್ಕೂ ಜೂಜಿಗೂ ಏನು ವ್ಯತ್ಯಾಸ?" ಎಂದು ಕೇಳುತ್ತಿದ್ದರು. ಆದ್ದರಿಂದ ನಾವು ಗೆಲ್ಲುವುದು ಬಿಟ್ಟು ಅದಲುಬದಲು ಶುರುಮಾಡಿದೆವು. ವ್ಯಾಪಾರವಾದರೆ ತಪ್ಪಿಲ್ಲವಲ್ಲ ಎಂಬುದು ನಮ್ಮ ಲೆಕ್ಕ. ವ್ಯಾಪಾರದಲ್ಲೂ ತಪ್ಪು ಇರಬಹುದೆಂದು ಆಗ ಹೊಳೆದಿರಲಿಲ್ಲ.

ನಮ್ಮ ಹತ್ತಿರ ಒಂದು ಹೋಗನ್ ಕಾರ್ಡು ಇತ್ತು. ಸಿರುಗುಪ್ಪದ ಮಾಮೂ ಬಳ್ಳಾರಿಯಲ್ಲಿ ಕಾಲೇಜು ಓದುವಾಗ ನಮ್ಮ ಮನೆಯಲ್ಲೇ ಇದ್ದರು. 1992ರ ಸುಮಾರಿಗೆ ಅವರು ಕೊಂಡಿದ್ದ ಒಂದು ಪೊಟ್ಟಣದಲ್ಲಿ ಉಳಿದ ಹನ್ನೊಂದು ಕಾರ್ಡುಗಳನ್ನು ದುಡಿಯಲು ಸೌದಿಗೆ ಹೋಗುವ ಮುನ್ನ ನಮಗೆ ಕೊಟ್ಟರು. ಹೋಗನ್ ಕಾರ್ಡಿನ ಹಿಂದೆ ನೀಲಿ ಪೆನ್ನಿನಲ್ಲಿ ಉರ್ದುವಿನಲ್ಲಿ ತಮ್ಮ ಹೆಸರು, ಅದರ ಕೆಳಗೆ ಕನ್ನಡದಲ್ಲಿ 'ಕೌಲ್ ಬಜಾರ್' ಎಂದು ಬರೆದಿದ್ದರು. ಹೋಗನ್ 1993ರಲ್ಲಿ ಆ ಕಂಪನಿಯನ್ನು ಬಿಟ್ಟು, ಮರುವರ್ಷ ಎದುರಾಳಿ ಕಂಪನಿ ಸೇರಿದ. ಎತ್ತರಕ್ಕೆ ಹೆಸರಾಗಿದ್ದ ಆಂದ್ರೆ ದಿ ಜೈಂಟ್ 1993ರ ಜನವರಿಯಲ್ಲಿ ತೀರಿಕೊಂಡಿದ್ದ. ಹಾಗಾಗಿ ಆಮೇಲೆ ನಮ್ಮ ಅಂಗಡಿಗಳಿಗೆ ಬಂದ ಪೊಟ್ಟಣಗಳಲ್ಲಿ ಇವರಿಬ್ಬರೂ ಇರಲಿಲ್ಲ. ಇದೆಲ್ಲ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೆ: ಹೋಗನ್ ಬೇಕೆಂದರೆ ಅಂಗಡಿಯಲ್ಲಿ ಸಿಗುವುದಿಲ್ಲ, ನಮ್ಮ ಬೀದಿಯಲ್ಲಿ ಅದು ನಮ್ಮಲ್ಲಿ ಮಾತ್ರ ಇದೆ.

ಆ ಒಂದು ಕಾರ್ಡಿನಿಂದ ನಮಗೆ ಬೀದಿಯಲ್ಲಿ ಬಂದ ಮರ್ಯಾದೆ ದೊಡ್ಡದು. ದೊಡ್ಡ ಹುಡುಗರು ನಮ್ಮನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸುತ್ತಿದ್ದರು. ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ವಯಸ್ಸಿನ ಹುಡುಗನೊಬ್ಬ ಮಾತ್ರ ದೂರ ನಿಂತು ನೋಡುತ್ತಿದ್ದ. ಅವನ ಕೈಯಲ್ಲಿ ಎಣ್ಣೆಮಸಿ. ಕಾರ್ಡು ಮುಟ್ಟಿದರೆ ಕೊಳೆಯಾಗುತ್ತದೆ ಎಂದು ನಾವು ಅವನನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ.

1997ರ ಬೇಸಿಗೆ ರಜೆ. ಅಬ್ಬಾ ಜೀನ್ಸ್ ಹೊಲಿಗೆಯ ಕೆಲಸದವರು. ನೂಲು, ಗುಂಡಿ ತರಲು ಪೇಟೆಗೆ ಹೊರಟವರ ಹಿಂದೆ ನಾವೂ ಹೋದೆವು. ಒಂದು ಸಗಟು ಅಂಗಡಿಯಲ್ಲಿ ಬಲೂನು, ಬುಗುರಿ, ರಾಖಿಗಳ ನಡುವೆ ದೊಡ್ಡ ದೊಡ್ಡ ಹಾಳೆಗಳ ಕಟ್ಟು ಬಿದ್ದಿತ್ತು. ಕತ್ತರಿಯಿಂದ ಕತ್ತರಿಸಿಕೊಳ್ಳುವ ಕಾರ್ಡುಗಳು. ಮೇಲಿನ ಹಾಳೆಯಲ್ಲೇ ಹೋಗನ್ ಇದ್ದ. ಪಕ್ಕದಲ್ಲಿ ಆಂದ್ರೆ. ಯಾರೋ ಹಳೆಯ ಕಾರ್ಡುಗಳ ಚಿತ್ರ ತೆಗೆದು ಮತ್ತೆ ಅಚ್ಚು ಹಾಕಿದ್ದರು. ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿರಲಿಲ್ಲ. ಹಿಂಬದಿ ಬರೀ ಬಿಳಿ. ಅಂಗಡಿಯವರು ಹೇಳಿದರು: ಹಾಳೆಗೆ ಎರಡು ರೂಪಾಯಿ, ಬರುವ ವಾರ ಎಲ್ಲ ಊರಿಗೂ ಹೋಗುತ್ತವೆ.

ನಮಗೆ ಅಲ್ಲೇ ಬೆವರು ಬಂತು. ನಮ್ಮ ಮರ್ಯಾದೆಗೆ ಇನ್ನು ಒಂದು ವಾರ ಮಾತ್ರ ಆಯುಷ್ಯ. ಮನೆಗೆ ಬರುವ ದಾರಿಯಲ್ಲೇ ನಾವಿಬ್ಬರು ಮಾತಾಡಿಕೊಂಡೆವು. ನಮ್ಮ ಬೀದಿಯವರಿಗೆ ಕೊಟ್ಟರೆ ಮುಂದಿನ ವಾರ ಹೊಡೆಯಲು ಬರುತ್ತಾರೆ. ಕುರುಗೋಡಿನ ಖಾಲಾನ ಮಗ ಎರಡು ವರ್ಷದಿಂದ ಆ ಕಾರ್ಡು ಕೇಳುತ್ತಿದ್ದ. ಅವನು ಹೊಡೆಯುವವನಲ್ಲ.

ಮಾರನೆಯ ದಿನವೇ ಅಮ್ಮಿಗೆ ಹಟ ಮಾಡಿ ಕುರುಗೋಡಿನ ಬಸ್ಸು ಹತ್ತಿದೆವು. ದೊಡ್ಡ ಬಸವೇಶ್ವರ ಗುಡಿಯ ಹತ್ತಿರದ ಬೇವಿನ ಮರದ ನೆರಳಲ್ಲಿ ವ್ಯಾಪಾರ ನಡೆಯಿತು. ಅವನು ತನ್ನ ಬಿಸ್ಕತ್ತು ಡಬ್ಬಿ ತಂದ. ಅದರಲ್ಲಿ ಮೂವತ್ತನಾಲ್ಕು ಕಾರ್ಡು. ಒಂದೊಂದನ್ನೂ ಅವನು ಹೇಗೆ ಸಂಪಾದಿಸಿದ್ದ ಎಂಬುದು ನಮಗೆ ಗೊತ್ತಿತ್ತು. ಖಾಲಾ ಕೊಡುತ್ತಿದ್ದ ಎಂಟಾಣೆಗಳನ್ನು ಉಳಿಸಿ ಕೂಡಿಸಿದ್ದವು. "ಎಲ್ಲಾ ಕೊಡ್ತಿಯಾ?" ಎಂದೆವು. ಅವನು ಡಬ್ಬಿಯನ್ನೇ ನಮ್ಮ ಕಡೆ ಸರಿಸಿದ. ಮಾಮೂನ ಅಕ್ಷರವಿದ್ದ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಸಂತೋಷ ನೋಡಿ ನಮಗೆ ನಗು ಬಂತು. ಆ ನಗು ಇಂದಿಗೂ ನಮಗೆ ನೆನಪಿದೆ, ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ಹದಿನೈದು ದಿನ ಕಳೆದು ಸಿರುಗುಪ್ಪದಲ್ಲಿ ನಾನಾನ ಮನೆಯಲ್ಲಿ ಅಖೀಖಾ ಇತ್ತು. ನೆಂಟರ ಮಕ್ಕಳೆಲ್ಲ ಸೇರಿದ್ದರು. ಎಲ್ಲರ ಜೇಬಿನಲ್ಲೂ ಹೋಗನ್. ಖಾಲಾನ ಮಗ ತನ್ನ ಕಾರ್ಡನ್ನು ಪ್ಲಾಸ್ಟಿಕ್ ಚೀಟಿಯಲ್ಲಿಟ್ಟುಕೊಂಡು ಬಂದಿದ್ದ. ಅದನ್ನು ಹೊರತೆಗೆದಾಗ ಹುಡುಗರು ನಕ್ಕರು. "ಏ, ಎರಡು ರೂಪಾಯಿಗೆ ಹಾಳೇನೇ ಬರ್ತೈತೆ, ಅದಕ್ಕೆ ಮೂವತ್ತನಾಲ್ಕು ಕೊಟ್ಯಾ?" ಅವನು ಅವರ ಕಡೆ ನೋಡಲಿಲ್ಲ. ನಮ್ಮ ಕಡೆ ನೋಡಿ ಒಂದೇ ಮಾತು ಕೇಳಿದ: "ನಿಮಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲ" ಎಂದೆವು. ಇಬ್ಬರೂ ಒಟ್ಟಿಗೆ.

ಅವನು ಮೂಲೆ ಹಿಡಿದು ಕೂತದ್ದನ್ನು ನಾನಾ ಕಂಡರು. ಅವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ತುಂಗಭದ್ರೆಯ ನೀರಿನಲ್ಲಿ ಬೆಳೆದ ಭತ್ತ ಅವರ ಮಿಲ್ಲಿಗೆ ಗಾಡಿಗಟ್ಟಲೆ ಬರುತ್ತಿತ್ತು. ಎರಡೂ ಬಗೆಯ ಕಾರ್ಡುಗಳನ್ನು ಕೈಗೆ ತೆಗೆದುಕೊಂಡು, ಕಾಳು ಪರೀಕ್ಷಿಸುವ ಹಾಗೆ ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಅವನಿಗೆ ಹೇಳಿದರು: "ಹೊಸ ಅಕ್ಕಿ ಎಷ್ಟೇ ಬರಲಿ ಬೇಟಾ, ಹಳೇ ಅಕ್ಕಿಗೆ ಅದರದೇ ದರ ಐತೆ. ಹೊಸದು ಬಂದ್ರೆ ಹತ್ತು ಮಂದಿ ಉಣ್ತಾರೆ, ಒಳ್ಳೇದೇ. ಹೊಸದನ್ನ ಹಳೇದು ಅಂತ ಮಾರಬಾರದು, ಅಷ್ಟೇ." ನಮ್ಮ ಮೋಸ ಅವರಿಗೆ ಗೊತ್ತಿರಲಿಲ್ಲ. ಆದರೂ ನಾವು ಅಲ್ಲಿಂದ ಎದ್ದು ಹೊರಗೆ ಹೋದೆವು.

ಬಳ್ಳಾರಿಗೆ ಹಿಂತಿರುಗಿದಾಗ ಬೀದಿಯ ಆಟ ಬದಲಾಗಿತ್ತು. ಪಂಕ್ಚರ್ ಅಂಗಡಿಯ ಹುಡುಗ ಒಂದು ಹಾಳೆ ಕೊಂಡಿದ್ದ. ಮಧ್ಯಾಹ್ನ ಅಂಗಡಿಯ ನೆರಳಲ್ಲಿ ಕೂತು, ಎಣ್ಣೆಮಸಿಯ ಕೈಯಲ್ಲೇ ಎಲ್ಲರ ಜೊತೆ ಆಡುತ್ತಿದ್ದ. ಕೊಳೆಯಾದರೆ ಇನ್ನೊಂದು ಹಾಳೆ. ಅವನು ಚೆನ್ನಾಗಿ ಆಡುತ್ತಿದ್ದ, ಯಾರ ಕೈಯಲ್ಲಿ ಯಾವ ಕಾರ್ಡು ಹೋಯಿತೆಂದು ಲೆಕ್ಕ ಇಡುತ್ತಿದ್ದ. ಹಳೆಯ ಕಾರ್ಡು ನಮ್ಮ ಜೇಬಿನಲ್ಲಿದ್ದಷ್ಟು ದಿನ ಅವನ ಆಟ ಎಂಥದೆಂದು ಬೀದಿಗೆ ತಿಳಿಯುವ ಅವಕಾಶವೇ ಇರಲಿಲ್ಲ.

ಒಂದು ಜಗಳವೂ ಹುಟ್ಟಿತು. ಹಳೆಯ ಕಾರ್ಡಿನಲ್ಲಿ ಹೋಗನ್ ತೂಕ 302 ಪೌಂಡ್. ಹೊಸ ಹಾಳೆಯಲ್ಲಿ ಅದು 320 ಆಗಿತ್ತು, ಅಚ್ಚಿನವರ ಕೈತಪ್ಪು. ಯಾವುದನ್ನು ಒಪ್ಪಬೇಕು? ಎರಡು ದಿನ ಜಗಳಾಡಿ ಬೀದಿ ತೀರ್ಮಾನಿಸಿತು: ಯಾರ ಕೈಯಲ್ಲಿ ಯಾವ ಕಾರ್ಡು ಇದ್ದರೂ ಹೋಗನ್ ಒಬ್ಬನೇ, ಅಂಕಿಯೂ ಒಂದೇ ಇರಬೇಕು.

ಈ ಸಲ ಹೋಗನ್ ಸುದ್ದಿಯ ನಂತರ ಆಪಾನ ಮಗ ಬೆಂಗಳೂರಿನ ಕಾಲೇಜಿನಿಂದ ಬಂದಾಗ ಇದನ್ನೆಲ್ಲ ಅವನಿಗೆ ಹೇಳಿದೆವು. ಅವನು ಗೆಳೆಯರ ಜೊತೆ ಮ್ಯಾಜಿಕ್ ಎಂಬ ಕಾರ್ಡಿನ ಆಟ ಆಡುತ್ತಾನೆ. ನಮ್ಮ ಕತೆ ಕೇಳಿ ಅವನಿಗೆ ಆಶ್ಚರ್ಯವಾಯಿತು. ನಮ್ಮ ಬೀದಿಯ ಜಗಳ ಅಮೆರಿಕದಲ್ಲೂ ನಡೆದಿದೆ, ಅದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಎಂದ.

ಮ್ಯಾಜಿಕ್ ಆಟವನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು. 1993ರ ಆಗಸ್ಟಿನಲ್ಲಿ ಅದು ಮಾರುಕಟ್ಟೆಗೆ ಬಂತು. ಮುಚ್ಚಿದ ಪೊಟ್ಟಣ ಕೊಳ್ಳಬೇಕು, ಒಳಗೆ ಯಾವ ಕಾರ್ಡಿದೆ ಎಂಬುದು ಒಡೆದ ಮೇಲೆಯೇ ತಿಳಿಯುವುದು. ಮೊದಲ ಮುದ್ರಣದಲ್ಲಿ ಒಂದೊಂದು ಅಪರೂಪದ ಕಾರ್ಡಿಗೆ ಸುಮಾರು 1,100 ಪ್ರತಿಗಳಷ್ಟೇ ಇದ್ದವು. ಬೇಡಿಕೆ ಉಕ್ಕಿದಾಗ ಕಂಪನಿ ಅದೇ ವರ್ಷದ ಕೊನೆಗೆ ಮತ್ತೆ ಮುದ್ರಿಸಿತು. ಆದರೆ ಹಳೆಯದಕ್ಕೆ ಕಪ್ಪು ಅಂಚು ಇದ್ದರೆ ಹೊಸದಕ್ಕೆ ಬಿಳಿ ಅಂಚು ಹಾಕಿತು. ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತಿತ್ತು. 1995ರಲ್ಲಿ 'ಕ್ರಾನಿಕಲ್ಸ್' ಎಂಬ ಹೆಸರಿನಲ್ಲಿ ಹಳೆಯ ಹಲವು ಕಾರ್ಡುಗಳನ್ನು ಹೇರಳವಾಗಿ ಮರುಮುದ್ರಿಸಿದಾಗ ಬೆಲೆ ಇಳಿಯಿತು, ಸಂಗ್ರಹಕಾರರು ಗಲಾಟೆ ಮಾಡಿದರು. 1996ರಲ್ಲಿ ಕಂಪನಿ ಒಂದು ಪಟ್ಟಿ ಮಾಡಿ, ಇವುಗಳನ್ನು ಆಟದ ಕಾರ್ಡುಗಳಾಗಿ ಮತ್ತೆಂದೂ ಮುದ್ರಿಸುವುದಿಲ್ಲ ಎಂದು ಮಾತು ಕೊಟ್ಟಿತು.

ಆ ಮಾತು ಯಾರಿಗೆ ಒಳ್ಳೆಯದಾಯಿತು? ಇಟ್ಟುಕೊಂಡವರಿಗೆ. ಆ ಪಟ್ಟಿಯಲ್ಲಿರುವ 'ಬ್ಲ್ಯಾಕ್ ಲೋಟಸ್' ಎಂಬ ಕಾರ್ಡಿನ ಮೊದಲ ಮುದ್ರಣದ ಒಂದು ಪ್ರತಿ 2024ರಲ್ಲಿ ಮೂವತ್ತು ಲಕ್ಷ ಡಾಲರಿಗೆ ಮಾರಾಟವಾಯಿತು. ಹೊಸದಾಗಿ ಆಟಕ್ಕೆ ಬಂದವರಿಗೆ ಅಂಥ ಕಾರ್ಡು ಕನಸಿನ ಮಾತು. 2022ರಲ್ಲಿ ಆಟದ ಮೂವತ್ತನೆಯ ವರ್ಷದ ನೆಪದಲ್ಲಿ ಕಂಪನಿ ಆ ಹಳೆಯ ಕಾರ್ಡುಗಳ ಪ್ರತಿರೂಪ ಹೊರತಂದಿತು. ನಾಲ್ಕು ಪೊಟ್ಟಣ, ಒಟ್ಟು ಅರವತ್ತು ಕಾರ್ಡು, ಬೆಲೆ 999 ಡಾಲರ್. ಹಿಂಬದಿಯ ಚಿತ್ರ ಬೇರೆ, ಅಧಿಕೃತ ಪಂದ್ಯಗಳಲ್ಲಿ ಬಳಸುವಂತಿಲ್ಲ. ಆಡುವವರು ಸಿಟ್ಟಾದರು. ನಮಗೆ ಎರಡು ರೂಪಾಯಿಯ ಹಾಳೆ ನೆನಪಾಯಿತು. ಅದು ಕದ್ದ ಅಚ್ಚು, ನಿಜ. ಆದರೆ ಪಂಕ್ಚರ್ ಅಂಗಡಿಯ ಹುಡುಗನ ಕೈಗೆ ಎಟುಕಿತ್ತು.

ಮ್ಯಾಜಿಕ್ ಆಟಗಾರರು ತೂಕದ ಜಗಳವನ್ನೂ ನಮ್ಮ ಹಾಗೆಯೇ ಬಗೆಹರಿಸಿಕೊಂಡಿದ್ದಾರೆ. ಕೈಯಲ್ಲಿರುವುದು ಯಾವ ವರ್ಷದ ಅಚ್ಚೇ ಇರಲಿ, ಕಂಪನಿ ಇತ್ತೀಚೆಗೆ ತಿದ್ದಿದ ಒಂದೇ ಬರಹ ಎಲ್ಲ ಪ್ರತಿಗಳಿಗೂ ಅನ್ವಯವಾಗುತ್ತದೆ.

ಪೋಕೆಮಾನ್ ಕಾರ್ಡುಗಳ ಕತೆ ನಾನಾನ ಮಾತಿಗೆ ಸಾಕ್ಷಿ ಹೇಳುವಂತಿದೆ. ಅದರ ಚಾರಿಝಾರ್ಡ್ ಎಂಬ ಕಾರ್ಡನ್ನು 2016ರಲ್ಲಿ ಹಳೆಯ ವಿನ್ಯಾಸ ಹೋಲುವಂತೆ ಹೊಸದಾಗಿ ತಂದರು. 2021ರಲ್ಲಿ ಇಪ್ಪತ್ತೈದನೆಯ ವರ್ಷಕ್ಕಾಗಿ ಹಳೆಯದನ್ನೇ ಗುರುತು ಹಾಕಿ ಮರುಮುದ್ರಿಸಿದರು. ಲಕ್ಷಾಂತರ ಮಕ್ಕಳಿಗೆ ಆ ಚಿತ್ರ ಸಿಕ್ಕಿತು. ಹಳೆಯದರ ಬೆಲೆ ಕುಸಿಯಲಿಲ್ಲ. 1999ರ ಮೊದಲ ಆವೃತ್ತಿಯ, ಸ್ವಲ್ಪವೂ ಮುಕ್ಕಾಗದ ಒಂದು ಪ್ರತಿ 2022ರ ಮಾರ್ಚ್‌ನಲ್ಲಿ 4,20,000 ಡಾಲರಿಗೆ ಹರಾಜಾಯಿತು. ಹೊಸ ಅಕ್ಕಿ ಬಂದಿತು, ಹಳೆಯ ಅಕ್ಕಿಯ ದರ ಹಾಗೇ ಉಳಿಯಿತು.

ಮರುಮುದ್ರಣಕ್ಕೆ ಇನ್ನೊಂದು ಮುಖವಿದೆ: ಯಾವುದನ್ನು ಮತ್ತೆ ಅಚ್ಚು ಹಾಕಬಾರದು ಎಂಬುದು. ಮ್ಯಾಜಿಕ್ ಆಟದ ಮೊದಲ ವಿಸ್ತರಣೆ 1993ರ ಡಿಸೆಂಬರಿನಲ್ಲಿ ಬಂದ 'ಅರೇಬಿಯನ್ ನೈಟ್ಸ್'. ಅಲ್ಲಾದೀನ್, ಅಲಿಬಾಬಾ, ಶಹರಜಾದ್ ಎಲ್ಲರೂ ಅದರಲ್ಲಿ ಕಾರ್ಡುಗಳಾಗಿದ್ದರು. ಅದೇ ಸಂಚಿಕೆಯಲ್ಲಿ 'ಜಿಹಾದ್' ಎಂಬ ಕಾರ್ಡೂ ಇತ್ತು. 2020ರ ಜೂನಿನಲ್ಲಿ ಕಂಪನಿ ಅದನ್ನೂ, 'ಕ್ರುಸೇಡ್' ಮೊದಲಾದ ಇನ್ನೂ ಆರು ಕಾರ್ಡುಗಳನ್ನೂ ಜನಾಂಗೀಯ ಅಥವಾ ಸಾಂಸ್ಕೃತಿಕ ನೋವುಂಟುಮಾಡುವಂಥವು ಎಂದು ಪಂದ್ಯಗಳಿಂದ ನಿಷೇಧಿಸಿ, ತನ್ನ ಚಿತ್ರಕೋಶದಿಂದಲೂ ತೆಗೆಯಿತು. ಹಳೆಯದೆಲ್ಲ ಹೊನ್ನು ಎನ್ನುವವರು ಇದನ್ನೂ ನೋಡಬೇಕು. ಮತ್ತೆ ಅಚ್ಚು ಹಾಕುವವನು ಹಿಂದಿನವರು ಯೋಚಿಸದೆ ಮಾಡಿದ್ದನ್ನು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಕಾರ್ಡಿನ ಆಟ ಹೊಸದೇನಲ್ಲ. ಬಾಬರ್ 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆ ಆಟಕ್ಕೆ ಹೊಸ ಹೊಸ ರೂಪಗಳನ್ನು ಕಟ್ಟಿದರು. ನಮ್ಮ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಮೈಸೂರಿನಲ್ಲಿ ಆ ಚಿತ್ರಕಲೆಗೆ ಮರುಜೀವ ಕೊಟ್ಟರು. ದುಂಡನೆಯ ಎಲೆಯ ಮೇಲೆ ಕುಂಚದಿಂದ ಬರೆಯುವುದಾದ್ದರಿಂದ ಅಲ್ಲಿ ಒಂದು ಇನ್ನೊಂದರ ನಕಲಲ್ಲ. ಯಾರೂ ಮತ್ತೆ ಬರೆಯದೆ ಹೋಗಿದ್ದರೆ ಮೈಸೂರು ಗಂಜೀಫಾವನ್ನು ನಾವು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಮಾತ್ರ ನೋಡಬೇಕಾಗಿತ್ತು. ಹಳೆಯದನ್ನು ಮತ್ತೆ ಮಾಡುವುದು ಹಳೆಯದಕ್ಕೆ ಅವಮಾನವಲ್ಲ, ಅನೇಕ ಸಲ ಅದರ ಉಳಿವಿನ ದಾರಿ.

ಇಷ್ಟೆಲ್ಲ ಮಾತಾಡಿದ ಮೇಲೆ ಆಪಾನ ಮಗ ಕೇಳಿದ: "ಹಾಗಾದ್ರೆ ಮಾಮೂ, ನೀವು ಮಾಡಿದ್ದ್ರಲ್ಲಿ ತಪ್ಪೇನು? ಹಾಳೆ ಅಚ್ಚು ಹಾಕಿದವರು ನೀವಲ್ಲವಲ್ಲ."

ಇಷ್ಟು ವರ್ಷ ನಾವೂ ನಮಗೆ ಇದನ್ನೇ ಹೇಳಿಕೊಂಡಿದ್ದೆವು. ಆದರೆ ಅಚ್ಚು ಹಾಕಿದ್ದರಿಂದ ಖಾಲಾನ ಮಗನಿಗೆ ಮೋಸವಾಗಲಿಲ್ಲ. ಬೆಲೆ ಏರುವುದು ಇಳಿಯುವುದು ಪೇಟೆಯ ಗುಣ. ನಾಳೆಯ ಸುದ್ದಿ ನಮಗೊಬ್ಬರಿಗೇ ಗೊತ್ತಿತ್ತು, ಅದನ್ನು ಮುಚ್ಚಿಟ್ಟು ಇವತ್ತಿನ ಬೆಲೆಗೆ ಮಾರಿದೆವು. ಮೇಲೆ ಒಣಗಿದ ಕಾಳು, ಒಳಗೆ ಒದ್ದೆಯಾದ ಚೀಲವನ್ನು ಕೊಟ್ಟ ಹಾಗಾಯಿತು. ಅವನು ಕೇಳಿದಾಗಲಾದರೂ ಹೌದು ಎನ್ನಬಹುದಿತ್ತು. ಅಲ್ಲೂ ಇಲ್ಲ ಎಂದೆವು.

ಆಗಸ್ಟಿನ ಒಂದು ಭಾನುವಾರ ಮೂವರೂ ಕುರುಗೋಡಿಗೆ ಹೋದೆವು. ಆಗ ಬಳ್ಳಾರಿ ತಾಲೂಕಿನ ಒಂದು ಊರಾಗಿದ್ದದ್ದು ಈಗ ತಾನೇ ತಾಲೂಕು ಕೇಂದ್ರ. ಖಾಲಾನ ಮಗ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಚಹಾ ಬಂತು. ಹೋಗನ್ ಮಾತು ತೆಗೆದು, ನಾವು ಹೇಳಬೇಕಾದದ್ದನ್ನು ಹೇಳಿದೆವು. ಹೇಳುವಾಗ ನಮ್ಮಿಬ್ಬರ ಸ್ವರವೂ ಹನ್ನೆರಡು ವರ್ಷದ ಹುಡುಗರ ಸ್ವರವಾಯಿತು.

ಅವನು ಲೋಟ ಕೆಳಗಿಟ್ಟ. "ಗೊತ್ತಿತ್ತು" ಎಂದ. "ಪೇಟೆಗೆ ಕರ್ಕೊಂಡು ಹೋದಾಗ ಹುಡುಗ್ರು ಆ ಹಾಳೇನ ಕಣ್ಣು ಬಿಟ್ಕೊಂಡು ನೋಡಿದ್ರು ಅಂತ ನಿಮ್ಮ ಅಬ್ಬಾನೇ ಅವತ್ತು ನಮ್ಮ ಅಬ್ಬಾನ ಹತ್ರ ನಗ್ತಾ ಹೇಳ್ತಿದ್ರು. ಅದು ಕೇಳೇ ನಾನು ನಿಮ್ಮನ್ನ ಕೇಳಿದ್ದು."

ಇಪ್ಪತ್ತೆಂಟು ವರ್ಷ ಅವನು ನಮ್ಮ ಮದುವೆಗಳಿಗೆ ಬಂದಿದ್ದಾನೆ, ಅಬ್ಬಾನ ಜನಾಜಾಕ್ಕೆ ಹೆಗಲು ಕೊಟ್ಟಿದ್ದಾನೆ. ಒಮ್ಮೆಯೂ ಈ ಮಾತು ತೆಗೆದಿರಲಿಲ್ಲ. ನಾವು ಏನು ಹೇಳಬೇಕೋ ತಿಳಿಯದೆ ಕೂತೆವು. ಅವನ ಮೂವತ್ತನಾಲ್ಕು ಕಾರ್ಡು ಹಿಂತಿರುಗಿಸೋಣವೆಂದರೆ ಅವು ಯಾವಾಗಲೋ ಮಳೆನೀರಿಗೆ ಸಿಕ್ಕಿ ಹೋಗಿದ್ದವು.

ಅವನು ಎದ್ದು ಒಳಗೆ ಹೋಗಿ ಆ ಕಾರ್ಡು ತಂದ. ಅದೇ ಪ್ಲಾಸ್ಟಿಕ್ ಚೀಟಿ, ಹಳದಿಯಾಗಿತ್ತು. ಮುಂಬದಿಯ ಹೋಗನ್ ಬಣ್ಣ ಮಾಸಿದ್ದ. ಹಿಂಬದಿಯಲ್ಲಿ ಮಾಮೂನ ನೀಲಿ ಅಕ್ಷರ. ಮಾಮೂ 2020ರಲ್ಲಿ, ಆ ಕೆಟ್ಟ ಕಾಲದಲ್ಲಿ, ಸೌದಿಯಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಲು ನಮಗಾರಿಗೂ ಆಗಲಿಲ್ಲ. ಅವರು ಹುಡುಗನಾಗಿದ್ದಾಗ ಬರೆದ ಅಕ್ಷರ ನಮ್ಮ ಮನೆತನದಲ್ಲಿ ಬೇರೆಲ್ಲೂ ಉಳಿದಿಲ್ಲ. ಇನ್ನೊಂದು ವಾರದಲ್ಲಿ ಬೆಲೆ ಹೋಗುತ್ತದೆಂದು ನಾವು ಅವಸರದಲ್ಲಿ ಸಾಗಹಾಕಿದ್ದು ಅದನ್ನೇ.

ಕೊಡು ಎಂದು ಕೇಳುವ ಬಾಯಿ ನಮಗಿರಲಿಲ್ಲ. ಅವನೇ ಆಪಾನ ಮಗನಿಗೆ ಹೇಳಿದ: "ಫೋಟೋ ತಕ್ಕೊಳ್ಳಪ್ಪ, ಎರಡೂ ಕಡೆ. ಇವರಿಗೂ ಒಂದೊಂದು ಇರಲಿ."

ಬಳ್ಳಾರಿಗೆ ಬಂದು ದಪ್ಪ ಕಾಗದದ ಮೇಲೆ ಎರಡು ಪ್ರತಿ ಅಚ್ಚು ಹಾಕಿಸಿದೆವು. ಬಣ್ಣ ಚೆನ್ನಾಗಿ ಬಂದಿದೆ. ಮಾಮೂನ ಅಕ್ಷರವೂ ಸ್ಪಷ್ಟವಾಗಿದೆ. ಮುಂದೆ ನಮ್ಮ ಮಕ್ಕಳು ಇದನ್ನೇ ಮೂಲವೆಂದು ತಿಳಿಯಬಾರದೆಂದು, ಹಿಂಬದಿಯ ಮೂಲೆಯಲ್ಲಿ ಇಬ್ಬರೂ ಪೆನ್ನಿನಿಂದ ಬರೆದಿಟ್ಟೆವು: ಮರುಮುದ್ರಣ, 2025. ಮೂಲ ಕುರುಗೋಡಿನಲ್ಲಿದೆ.